ರಾಣಿಯ ಎಡಗಡೆ

ಭಾನುವಾರ ಬೆಳಿಗ್ಗೆ ಹಾಸನದ ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದಾಗ ಹುರುಳಿ ಬೆಂದ ವಾಸನೆ ಏಳುತ್ತದೆ. ಒದ್ದೆ ಮಣ್ಣು, ಹೊಗೆ, ಒಂದಿಷ್ಟು ಬೆವರು ಬೆರೆತಂಥ ವಾಸನೆ. ಮಕ್ಕಳಿಗೆ ಅದರಿಂದ ಸಾರು ನೆನಪಾದರೆ ನನಗೆ ಕುದುರೆ ನೆನಪಾಗುತ್ತದೆ. ಶಾಂತಿಗ್ರಾಮದ ಪಕ್ಕದ ನಮ್ಮ ಹಳ್ಳಿಮನೆಯಲ್ಲಿ ಹುರುಳಿ ಬೇಯುತ್ತಿದ್ದದ್ದೇ ಕುದುರೆಗಾಗಿ. ಕಾಳು ಕುದುರೆಗೆ, ಬಸಿದ ಕಟ್ಟು ನಮಗೆ. ಸಾರು ತೀರಾ ತೆಳ್ಳಗಾದ ದಿನ ತಾತ ತಟ್ಟೆ ನೋಡಿಕೊಂಡು, ಇವತ್ತು ಕೊಟ್ಟಿಗೆಯಲ್ಲಿ ಊಟ ಬಹಳ ಚೆನ್ನಾಗಿರಬೇಕು ಎನ್ನುತ್ತಿದ್ದರು. ಅಜ್ಜಿ ಕೇಳಿಸದವಳಂತೆ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಆ ಮನೆಯಲ್ಲಿ ಜಟಕಾ ಇದ್ದದ್ದು ಒಂದೇ ಕಾರಣಕ್ಕೆ. ಅಜ್ಜಿಗೆ ಬಸ್ಸು ಆಗುತ್ತಿರಲಿಲ್ಲ. ಬಸ್ಸಿನ ಹೆಸರೆತ್ತಿದರೆ ಸಾಕು, ನಿಂಬೆಹಣ್ಣು ಹುಡುಕುತ್ತಿದ್ದಳು. ಅವಳ ತಂಗಿ ನಂಜಮ್ಮ ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಪಾರ್ಶ್ವವಾಯು ಬಡಿದು ಮಲಗಿದ್ದಳು. ಸೋಮವಾರ ಸೋಮವಾರ ಅಜ್ಜಿ ಹೋಗಿ ತಂಗಿಯ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹೆಣೆದು ಸಂಜೆಗೆ ವಾಪಸ್ಸು ಬರುತ್ತಿದ್ದಳು. ತೊಂಬತ್ತರ ದಶಕದ ನಡುವೆ, ನಾನು ಐದನೇ ಕ್ಲಾಸಿನಲ್ಲಿದ್ದಾಗ, ನಮ್ಮ ಹಳೆಯ ಕುದುರೆ ಸತ್ತುಹೋಯಿತು. ಜಟಕಾ ಮೂಕಿ ಊರಿಕೊಂಡು ಅಂಗಳದಲ್ಲಿ ನಿಂತಿತು. ಸೋಮವಾರ ಬಂದರೆ ಅಜ್ಜಿ ತಲೆ ಬಾಚಿ, ಒಗೆದ ಸೀರೆಯುಟ್ಟು ಸುಮ್ಮನೆ ಜಗಲಿಯ ಮೇಲೆ ಕೂರುತ್ತಿದ್ದಳು. ಅದನ್ನು ನೋಡಲಾರದೆ, ಹಾಸನದಲ್ಲಿ ನೌಕರಿಯಲ್ಲಿದ್ದ ಚಿಕ್ಕಪ್ಪ ಒಮ್ಮೆ ಅವಳನ್ನು ಸ್ಕೂಟರಿನ ಮೇಲೆ ಕೂರಿಸಿದ. ಸ್ಟಾರ್ಟ್ ಆಗುವ ಮೊದಲೇ ಅವಳು ಇಳಿದುಬಿಟ್ಟಳು.

ಹೀಗಿರುವಾಗ ಮಲ್ಲಿಪಟ್ಟಣದ ಪುಟ್ಟಯ್ಯ ಒಂದು ಕಂದು ಬಣ್ಣದ ಹೆಣ್ಣು ಕುದುರೆ ಹಿಡಿದುಕೊಂಡು ಬಂದ. ಅರಕಲಗೂಡಿನಲ್ಲಿ ಜಟಕಾ ಓಡಿಸುತ್ತಿದ್ದವನು. ಅಲ್ಲಿ ಎಲ್ಲರೂ ಆಟೋ ಹತ್ತತೊಡಗಿದ್ದರಂತೆ. ಅಂಗಳಕ್ಕೆ ಕಾಲಿಟ್ಟವನೇ ಅವನು ಆಡಿದ ಮೊದಲ ಮಾತು ಇದು: “ಮೊದ್ಲೇ ಏಳ್ಬುಡ್ತೀನಿ ಗೌಡ್ರೇ, ನಮ್ಮ ರಾಣಿಗೆ ಎಡಗಣ್ಣು ಕಾಣಕ್ಕಿಲ್ಲ. ಆಮ್ಯಾಕೆ ಏಳ್ನಿಲ್ಲ ಅನ್ಬ್ಯಾಡಿ.”

ಕೆಲಸ ಕೆಟ್ಟದ್ದೇ ಅಲ್ಲಿ. ನಮ್ಮ ಕಡೆ ಮಾರುವವನು ಮಾಲಿನ ದೋಷ ಹೇಳುವ ಪದ್ಧತಿಯಿಲ್ಲ. ಅವನು ಮುಚ್ಚಿಡಬೇಕು, ಕೊಳ್ಳುವವನು ಹುಡುಕಬೇಕು. ತಾನಾಗಿ ಒಂದು ದೋಷ ಒಪ್ಪಿಕೊಂಡವನು ಅದಕ್ಕಿಂತ ದೊಡ್ಡದೊಂದನ್ನು ಬಚ್ಚಿಟ್ಟಿರಲೇಬೇಕೆಂದು ಇಡೀ ಬೀದಿಗೆ ಖಾತ್ರಿಯಾಯಿತು. ಹಾಲಿಗೆ ನೀಲಿ ಬೆರೆಸಿದಂತಿದ್ದ ಆ ಕಣ್ಣನ್ನು ಯಾರೂ ನೋಡಲಿಲ್ಲ. ಅದು ಹೇಗೂ ಇತ್ಯರ್ಥವಾಗಿತ್ತಲ್ಲ. ಹಲ್ಲು ಬಿಡಿಸಿ ನೋಡಿದರು, ಗೊರಸು ಎತ್ತಿಸಿದರು, ಹಣೆ ಕತ್ತುಗಳಲ್ಲೆಲ್ಲ ಕೆಟ್ಟ ಸುಳಿ ಹುಡುಕಿದರು. ಕಿವುಡೂ ಇದ್ದೀತೆಂದು ಯಾರೋ ಹಿಂದಿನಿಂದ ತಟ್ಟೆ ಬಡಿದಾಗ ಕುದುರೆ ಕಿವಿ ನಿಮಿರಿಸಿತು, ಚಿಕ್ಕಪ್ಪನ ಕೈಯಲ್ಲಿದ್ದ ಕಾಫಿ ಲೋಟ ಕೆಳಗೆ ಬಿತ್ತು. ಕೊನೆಗೆ, ಮುಂದಿನ ಭಾನುವಾರದ ತನಕ ಇಟ್ಟುಕೊಂಡು ನೋಡಿ ಎಂದು ಪುಟ್ಟಯ್ಯ ರಾಣಿಯನ್ನು ಬಿಟ್ಟು ಹೋದ. ಅಷ್ಟು ನಂಬಿ ಬಿಟ್ಟುಹೋದದ್ದಂತೂ ಚಿಕ್ಕಪ್ಪನ ಅನುಮಾನವನ್ನು ಇನ್ನೂ ಬಲಪಡಿಸಿತು.

ತಾತನಿಗೆ ಕುದುರೆ ಬೇಕಿತ್ತು. ಹಾಗಾಗಿ ಅವರ ತರ್ಕಗಳೆಲ್ಲ ಕುದುರೆಯ ಪರವಾಗಿ ಓಡುತ್ತಿದ್ದವು. ನಾವು ಹೋಗುವುದು ರಸ್ತೆಯ ಎಡಬದಿಯಲ್ಲಿ, ಬಸ್ಸು ಲಾರಿ ಬರುವುದು ಬಲಕ್ಕೆ, ಬಲಗಣ್ಣು ಸೊಗಸಾಗಿದೆ. ಎಡಗಡೆ ಬೇಲಿ ಬಿಟ್ಟರೆ ನೋಡುವಂಥದ್ದು ಏನಿದೆ? ಅಲ್ಲದೆ ಜಟಕಾ ಕುದುರೆಯ ಕಣ್ಣುಗಳಿಗೆ ನಾವೇ ಪಕ್ಕದ್ದು ಕಾಣದಂತೆ ಚರ್ಮದ ಪಟ್ಟಿ ಕಟ್ಟುತ್ತೇವೆ. ಇಲ್ಲಿ ಅರ್ಧ ಕೆಲಸ ದೇವರೇ ಮಾಡಿ ಕಳಿಸಿದ್ದಾನೆ. ಚಿಕ್ಕಪ್ಪ ತಾಳ್ಮೆಯಿಂದ ಕೇಳಿಸಿಕೊಂಡು, “ಅಂಗಾದ್ರೆ ಎಲ್ಡೂ ಕಣ್ಣಿಲ್ದಿರೋದ್ನೇ ತಗಳವ ಕಣಪ್ಪ, ಪಟ್ಟಿನೇ ಬ್ಯಾಡ,” ಎಂದ. ಅಜ್ಜಿ ಮಾತ್ರ ಹುರುಳಿಗೆ ಒಂದು ಹಿಡಿ ಹೆಚ್ಚು ಹಾಕಿದಳು.

ಸೋಮವಾರ ಹೇಗೂ ರಜೆಯಿತ್ತು; ಪರೀಕ್ಷೆಗೆಂದು ಗಾಡಿ ಹೂಡಿದರು. ಇರುವ ಒಂದು ಕಣ್ಣಾದರೂ ಧಾರಾಳವಾಗಿ ನೋಡಲಿ ಎಂದು ತಾತ ಬಲಗಣ್ಣಿನ ಪಟ್ಟಿ ಬಿಚ್ಚಿದ್ದರು. ಅವರು ಮುಂದೆ ಬಲಕ್ಕೆ ಲಗಾಮು ಹಿಡಿದು ಕೂತರು; ಎಡಕ್ಕೆ ಚಿಕ್ಕಪ್ಪ. ಹಿಂದೆ ಅಜ್ಜಿ, ನಾನು, ನಂಜಮ್ಮಜ್ಜಿಗೆಂದು ಕಟ್ಟಿದ ಊಟದ ಕ್ಯಾರಿಯರ್. ಕೆರೆ ಏರಿಯ ಮೇಲೆ ರಸ್ತೆ ಕಿರಿದು. ಎಡಕ್ಕೆ ತುಂಬಿದ ಕೆರೆ. ಆಗ ತಡೆಗೋಡೆ ಇರಲಿಲ್ಲ. ಚಿಕ್ಕಪ್ಪ ಎಡಗಡೆ ಕೂತಿದ್ದರೂ ನೋಡುತ್ತಿದ್ದದ್ದು ಕುದುರೆಯ ಬಲಗಾಲನ್ನು. ಬಚ್ಚಿಟ್ಟ ದೋಷ ಅಲ್ಲಿದೆಯೆಂದು ಅವನಿಗೆ ಅನ್ನಿಸಿತ್ತು. ಎದುರಿನಿಂದ ಬಸ್ಸೊಂದು ಹಾರನ್ ಮಾಡುತ್ತ ಬಂತು. ರಾಣಿ ಆ ಒಳ್ಳೆಯ ಬಲಗಣ್ಣಿನಿಂದ ಬಸ್ಸನ್ನು ಚೆನ್ನಾಗಿಯೇ ನೋಡಿತು. ನೋಡಿದ್ದರಿಂದಲೇ ಎಡಕ್ಕೆ ಸರಿಯಿತು. ಅದರ ಪಾಲಿಗೆ ಎಡಗಡೆ ಎನ್ನುವುದೇ ಇರಲಿಲ್ಲ. ಎಡ ಚಕ್ರ ಏರಿಯ ಅಂಚು ಬಿಟ್ಟು ಗಾಳಿಯಲ್ಲಿ ತಿರುಗಿತು. ಗಾಡಿ ವಾಲಿತು. ಕ್ಯಾರಿಯರ್ ನನ್ನ ಕಾಲಿನ ಮೇಲಿಂದ ಜಾರಿ, ಕಲ್ಲಿಗೆ ಬಡಿದು, ನೀರಿಗೆ ಬಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಚಿಕ್ಕಪ್ಪ ತಾತನನ್ನು ತಬ್ಬಿಕೊಂಡಿದ್ದ. ನನ್ನ ಲಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಜ್ಜಿ ಮಾತ್ರ, ಮಗುವಿಗೆ ಹೇಳುವಂತೆ, ಕುದುರೆಗೆ ಹೇಳಿದಳು: “ನಿಂತ್ಕೊ ಮಗಾ. ಎಡಕ್ಕೆ ನೀರೈತೆ. ಅಂಗೇ ನಿಂತ್ಕೊ.”

ರಾಣಿ ನಿಂತಿತು. ಅದಕ್ಕೆ ಕಾಣುತ್ತಿದ್ದ ಲೋಕದಲ್ಲಿ ರಸ್ತೆ ಇತ್ತು, ಬಸ್ಸು ನಿಂತಿತ್ತು, ಗಾಬರಿಯಾಗುವಂಥದ್ದು ಏನೂ ಇರಲಿಲ್ಲ. ಬಾಲ ಬೀಸಿ ನೊಣ ಓಡಿಸಿಕೊಂಡಿತು. ನಾವು ಒಬ್ಬೊಬ್ಬರಾಗಿ ಹಿಂದಿನಿಂದ ಇಳಿದೆವು. ಬಸ್ಸಿನವರು ಬಂದು ಗಾಡಿಯನ್ನು ರಸ್ತೆಗೆ ಎತ್ತಿಟ್ಟರು. ಆಮೇಲೆ ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದೆ. ಆ ಗಾಡಿಯ ವಾಲಿಕೆ, ನಮ್ಮ ಭಾರ ಎಲ್ಲವನ್ನೂ ಎಷ್ಟೋ ಸಲ ಲೆಕ್ಕ ಹಾಕಿ ನೋಡಿದ್ದೇನೆ. ಪ್ರತಿ ಸಲವೂ ನಾವು ಕೆರೆಗೆ ಬೀಳುತ್ತೇವೆ.

ಮನೆಗೆ ಬಂದ ಮೇಲೆ ವಾದ ಹಠ ಹಿಡಿದು ಕೂತಿತು. ಕುರುಡುಗಣ್ಣಿಂದಲೇ ಅಂಚಿಗೆ ಹೋದೆವು ಎಂದ ಚಿಕ್ಕಪ್ಪ. ಕುರುಡುಗಣ್ಣಿಂದಲೇ ಉಳಿದೆವು, ನೀರು ಕಂಡಿದ್ದರೆ ಕುದುರೆ ಎಗರಿ ಎಲ್ಲರನ್ನೂ ಕೆಡವುತ್ತಿತ್ತು ಎಂದರು ತಾತ. ಇಬ್ಬರ ಮಾತೂ ನಿಜವಾದ್ದರಿಂದ ಯಾರೂ ಸೋಲುವಂತಿರಲಿಲ್ಲ. ಶನಿವಾರದ ಹೊತ್ತಿಗೆ ತಾತನೇ ಮೆತ್ತಗಾದರು. ನಾನು ಕಣ್ಣಿಗೆ ಬಿದ್ದಾಗಲೆಲ್ಲ ಹತ್ತಿರ ಕರೆದು ತಲೆ ಸವರುತ್ತಿದ್ದರು. “ಬ್ಯಾಡ ಕಣೇ, ವಾಪಸ್ ಕೊಟ್ಬುಡವ,” ಎಂದು ಅಜ್ಜಿಗೆ ಹೇಳಿದರು.

ಭಾನುವಾರ ಪುಟ್ಟಯ್ಯ ಬಂದ. ನಡೆದದ್ದನ್ನೆಲ್ಲ ಕೇಳಿ, ಗೂಟದಿಂದ ಹಗ್ಗ ಬಿಚ್ಚತೊಡಗಿದ. ಆಗ ಅಜ್ಜಿ ಜಗಲಿಯಿಂದ ಎದ್ದು ಬಂದು ಅವನ ಕೈಯಿಂದ ಹಗ್ಗ ತೆಗೆದುಕೊಂಡಳು. “ಇನ್ಮ್ಯಾಕೆ ಮುಂದ್ಗಡೆ ಎಡಕ್ಕೆ ನಾನು ಕೂತ್ಕತೀನಿ,” ಎಂದಳು. ಗೌಡರ ಮನೆ ಹೆಂಗಸು ಗಾಡಿಯ ಮುಂದೆ ಕೂತರೆ ಜನ ನೋಡುವುದಿಲ್ಲವೇ ಎಂದು ತಾತ ಗೊಣಗಿದರು.

“ಜನ ನನ್ನ ನೋಡ್ಲಿ. ನಾನು ಎಡಗಡೆ ನೋಡ್ತೀನಿ.”

ಅಲ್ಲಿಂದ ಮುಂದೆ ವರ್ಷಗಟ್ಟಲೆ ಆ ರಸ್ತೆಯ ಎಡಗಡೆಯನ್ನೆಲ್ಲ ಅಜ್ಜಿ ರಾಣಿಗೆ ಹೇಳಿದಳು. ಎಡಕ್ಕೆ ಉಣಿಸೇಮರ. ಎಡಕ್ಕೆ ಯಾರೋ ಸೀರೆ ಒಣಗಾಕವ್ರೆ, ಎದರ್ಕಬ್ಯಾಡ. ಎಡಕ್ಕೆ ನೀರೈತೆ, ಬಲಕ್ಕೆ ಬಾ. ವಾಪಸ್ಸು ಬರುವಾಗ ಎಡಗಡೆ ಗದ್ದೆಗಳು ಬರುತ್ತಿದ್ದವು. ಆಗ ಯಾರ ಪೈರು ಎಷ್ಟು ಎದ್ದಿದೆ ಎನ್ನುವ ವರದಿ. ರಾಣಿ ಎಡಗಿವಿಯನ್ನು ಹಿಂದಕ್ಕೆ ತಿರುಗಿಸಿ ಕೇಳಿಸಿಕೊಳ್ಳುತ್ತಿತ್ತು. ಜನ ಮೊದಮೊದಲು ನಕ್ಕರು, ಆಮೇಲೆ ಕೈಯೆತ್ತತೊಡಗಿದರು. ಸೋಮವಾರಗಳಲ್ಲಿ ನಂಜಮ್ಮಜ್ಜಿಯ ಜಡೆ ಮತ್ತೆ ನುಣ್ಣಗಾಯಿತು. ಪುಟ್ಟಯ್ಯ ಬಚ್ಚಿಟ್ಟ ಆ ಇನ್ನೊಂದು ದೋಷ ಮಾತ್ರ ಕೊನೆತನಕ ಸಿಗಲಿಲ್ಲ. ರಾಣಿ ಮುದಿಯಾಗಿ ಸತ್ತ ದಿನ ಚಿಕ್ಕಪ್ಪ ಕಣ್ಣೊರೆಸಿಕೊಳ್ಳುತ್ತ, ಏನೋ ಇತ್ತು ಕಣ್ರೀ, ನಮಗೆ ಗೊತ್ತಾಗಲಿಲ್ಲ ಎಂದ.

ಈಗ ನಂಜಮ್ಮಜ್ಜಿ ಇಲ್ಲ, ತಾತ ಇಲ್ಲ, ಅಜ್ಜಿ ಇಲ್ಲ. ಕೊಟ್ಟಿಗೆ ಇದ್ದ ಜಾಗದಲ್ಲಿ ಯಾರದೋ ಸಿಮೆಂಟು ಅಂಗಡಿ. ಏರಿಗೆ ಕಬ್ಬಿಣದ ತಡೆ ಬಂದಿದೆ. ಆದರೂ ಕಾರಿನಲ್ಲಿ ಅದರ ಮೇಲೆ ಹೋಗುವಾಗ ನನ್ನ ಬಾಯಿ ತಾನಾಗಿ ಆಡುತ್ತದೆ. ಯಾರಿಗಮ್ಮ ಹೇಳ್ತಿದೀಯ ಎಂದು ಹಿಂದಿನ ಸೀಟಿನಿಂದ ಮಕ್ಕಳು ನಗುತ್ತಾರೆ. ಹೋದ ಬೇಸಿಗೆ ಕೆರೆ ಪೂರ್ತಿ ಒಣಗಿ, ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಆಗಲೂ ಹೇಳಿದೆ, ಏರಿ ಮುಗಿಯುವ ತನಕ: ಎಡಕ್ಕೆ ನೀರೈತೆ ಮಗಾ, ಎಡಕ್ಕೆ ನೀರೈತೆ.