ಹೈದರ್ ಕೈಬಿಡದ ಹಲಗೆ

ಹೈದರ್ ಸತ್ತದ್ದು ಕಾಲು ಜಾರಿ ಎಂದು ಪಂಚಾಯತ್ ಬರೆದುಕೊಂಡಿದೆ. ಕಾಲು ಜಾರಿದ್ದು ನಿಜ. ಅದಕ್ಕಿಂತ ಹಿಂದಿನ ಹತ್ತೊಂಬತ್ತು ದಿನಗಳನ್ನು ಅವರು ಬರೆದಿಲ್ಲ. ನಾನು ಬರೆಯುತ್ತೇನೆ.

ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಕಲಿತವರು. ಏಳನೆಯ ತರಗತಿಯ ನಂತರ ಅವನು ಪುತ್ತೂರಿನ ದರ್ಬೆಯಲ್ಲಿ ಮರದ ಕೆಲಸ ಕಲಿತ. ಆಮೇಲೆ ಹನ್ನೊಂದು ವರ್ಷ ಗಲ್ಫಿನ ದಮ್ಮಾಮಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡಿ, ಬೆನ್ನುನೋವು ಹಿಡಿದುಕೊಂಡು ಊರಿಗೆ ಬಂದ. ಕೊಲ್ಲಮೊಗ್ರುವಿನಿಂದ ಆಚೆ ನಮ್ಮ ಹೊಳೆಗೆ ಹನ್ನೆರಡು ಕಿಂಡಿಗಳ ಅಣೆಕಟ್ಟು ಇದೆ. ಡಿಸೆಂಬರಿನಲ್ಲಿ ಪ್ರತಿ ಕಿಂಡಿಗೂ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ನೀರು ನಿಲ್ಲಿಸಬೇಕು. ಮಳೆಗೆ ಮೊದಲು ಅಷ್ಟೂ ಹಲಗೆ ಎತ್ತಿ ಶೆಡ್ಡಿಗೆ ಸೇರಿಸಬೇಕು. ಬೇರೆ ಯಾರೂ ಒಪ್ಪದ ಈ ಕೆಲಸವನ್ನು ಪಂಚಾಯತ್ ಅವನಿಗೆ ಕೊಟ್ಟಿತು.

ಹಿಂದಿನವರು ಹಲಗೆ ಎತ್ತುತ್ತಿದ್ದದ್ದು, ಮಳೆಗಾಲ ಶುರುವೆಂದು ತುಳುವರು ಎಣಿಸುವ ಪತ್ತನಾಜೆಯ ಲೆಕ್ಕ ಹಿಡಿದು, ಮೇ ತಿಂಗಳ ಇಪ್ಪತ್ತನಾಲ್ಕರ ಹೊತ್ತಿಗೆ. ಹೈದರ್ ಅದನ್ನು ಮೇ ಒಂದಕ್ಕೆ ತಂದ. ಯಾಕೆಂದು ಕೇಳಿದ್ದಕ್ಕೆ, "ಪತ್ತನಾಜೆ ನಮಗೆ ಗೊತ್ತುಂಟು, ಮೋಡಕ್ಕೆ ಗೊತ್ತುಂಟಾ ಮಾರಾಯ?" ಎಂದಿದ್ದ. ಹವಾಮಾನದ ಬಗ್ಗೆ ನಮ್ಮ ಊರಿನಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತು ಅದೊಂದೇ.

ಎರಡು ವರ್ಷಗಳ ಹಿಂದೆ ಏಪ್ರಿಲ್ ಕೊನೆಗೇ ಜೋರು ಮಳೆ ಬಂತು. ಅವಸರದಲ್ಲಿ ಎತ್ತುವಾಗ ಎರಡು ಹಲಗೆ ಹೊಳೆಯಲ್ಲಿ ಹೋದವು. ಮುಂದಿನ ಗ್ರಾಮಸಭೆಯಲ್ಲಿ ಅಧ್ಯಕ್ಷ ಹರಿಪ್ರಸಾದ್ ಹೈದರನನ್ನು ಸಮುದಾಯದ ಹೆಸರು ಹಿಡಿದು ಮೈಕಿನಲ್ಲೇ ಕೇಳಿದರು: "ಎರಡು ಹಲಗೆ ಎಂತ ಆಯ್ತು ಬ್ಯಾರಿಗಳೇ? ವೀಸಾ ಮಾಡ್ಸಿ ಗಲ್ಫಿಗೆ ಕಳ್ಸಿದ್ರಾ?"

ಸಭೆ ನಕ್ಕಿತು. ನಾನೂ ನಕ್ಕೆ. ಹೈದರ್ ಎದ್ದು ನಿಂತು, "ಇನ್ನು ಒಂದೂ ಹೋಗುದಿಲ್ಲ" ಎಂದಷ್ಟೇ ಹೇಳಿ ಕುಳಿತ.

ನಗದೆ ಇದ್ದವಳು ಚೆನ್ನು. ಅವಳ ಮನೆ ಅಣೆಕಟ್ಟಿನ ಪಕ್ಕದ ತಗ್ಗಿನಲ್ಲಿ. ಅದಕ್ಕೂ ಹಿಂದಿನ ಒಂದು ಆಗಸ್ಟ್‌ನಲ್ಲಿ ಗುಡ್ಡ ಜರಿದು, ಮರಗಳು ಬಂದು ಕಿಂಡಿಗಳಿಗೆ ಸಿಕ್ಕಿ, ಹೊಳೆ ದಂಡೆಗೆ ತಿರುಗಿ ಅವಳ ಮನೆಯನ್ನು ಒಯ್ದಿತ್ತು. ನೆರೆಯಿಂದ ಚೇತರಿಕೆ ಎಂಬ ಯೋಜನೆಯಲ್ಲಿ ಪಂಚಾಯತ್ ಅವಳಿಗೆ ಮನೆ ಕಟ್ಟಿಸಿತು, ಅದೇ ತಗ್ಗಿನಲ್ಲಿ. ಗೋಡೆಗೆ ಹಸಿರು ಬಣ್ಣ ಬಳಿಸಿ, "ಹವಾಮಾನ ಗುರಿಯತ್ತ ನಮ್ಮ ಪಂಚಾಯತ್" ಎಂದು ಬರೆಸಿತು. ಮನೆಯವಳನ್ನು ಕೇಳಲಿಲ್ಲ.

ಕಳೆದ ಮೇ ಒಂದರಂದು ಹೈದರ್ ಹಲಗೆ ಎತ್ತುವ ಕಬ್ಬಿಣದ ಕೊಕ್ಕೆ ಹಿಡಿದು ಹೊರಟಾಗ ಅಧ್ಯಕ್ಷರು ತಡೆದರು. ಪಂಚಾಯತ್‌ಗೆ ಹವಾಮಾನ ಪ್ರಶಸ್ತಿ ಕೊಡಬಹುದೇ ಎಂದು ನೋಡಲು ತಂಡ ಬರುವುದಿತ್ತು.

"ನೀರು ತುಂಬಿ ನಿಂತದ್ದು ಅವರಿಗೆ ಕಾಣ್ಬೇಕಲ್ಲ. ಖಾಲಿ ಹೊಳೆ ತೋರ್ಸುದಾ?"

"ಮಳೆ ಬಂದ್ರೆ ಚೆನ್ನು ಎಲ್ಲಿಗೆ ಹೋಗುದು ಅಧ್ಯಕ್ಷರೇ?"

"ಪತ್ತನಾಜೆಗೆ ಇನ್ನೂ ದಿನ ಉಂಟು. ನೀವು ನಮಗೆ ಪತ್ತನಾಜೆ ಕಲಿಸ್ಬೇಡಿ."

ಒಂಬತ್ತರಂದು ಮತ್ತೆ ಕೇಳಿದ. ತಂಡ ಬರುವ ದಿನ ಮುಂದಕ್ಕೆ ಹೋಗಿತ್ತು. ಹದಿನೈದರಂದು ಕೇಳಿದ. ಮತ್ತೂ ಮುಂದಕ್ಕೆ. ಇಪ್ಪತ್ತರ ಬೆಳಗ್ಗೆ ಘಟ್ಟದ ಕಡೆ ಕಪ್ಪಾಗಿ, ಏಳು ಗಂಟೆಗೆಲ್ಲ ಹೊಳೆ ಕೆಂಪಾಯಿತು. ಹೈದರ್ ಅಧ್ಯಕ್ಷರಿಗೆ ಫೋನ್ ಮಾಡಿದ. "ತಂಡ ನಾಡಿದ್ದು ಬರ್ತದೆ. ಅವರು ಹೋದ ಮೇಲೆ ತೆಗೀರಿ" ಎಂಬ ಉತ್ತರ ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಅವನು ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು ಅಣೆಕಟ್ಟಿನ ಮೇಲೆ ನಡೆದ.

ನೀರು ಕುಡಿದ ಹಲಗೆ ಉಬ್ಬಿ ಬಿಗಿದುಕೊಂಡಿರುತ್ತದೆ. ಅಂಥ ಹೊತ್ತಿನಲ್ಲಿ ಎಬ್ಬಿಸಿ ಹೊಳೆಗೇ ಬಿಟ್ಟುಬಿಡಬೇಕು. ಅವನು ಬಿಡಲಿಲ್ಲ. ಒಂದೊಂದನ್ನೂ ಎಳೆದು ನನಗೆ ದಾಟಿಸಿದ, ನಾನು ದಡಕ್ಕೆ ಸಾಗಿಸಿದೆ. ಒಂಬತ್ತು ಕಿಂಡಿ ತೆರೆದಾಗ ಚೆನ್ನುವಿನ ಅಂಗಳಕ್ಕೆ ಏರಿದ್ದ ನೀರು ಇಳಿಯತೊಡಗಿತು. ಅವಳು ಅಲ್ಲಿಂದಲೇ ಕೂಗಿದಳು, "ಸಾಕು, ಬನ್ನಿ!" ಹತ್ತನೆಯದರ ಹಲಗೆ ಎದ್ದಾಗ ನೀರು ಅದನ್ನು ತಿರುಗಿಸಿತು.

"ಬಿಡು ಹೈದರ್!"

"ಹಲಗೆ ಹೋಗ್ತದೆ ಮಾರಾಯ."

ನಾನು ಕೇಳಿದ ಅವನ ಕೊನೆಯ ಮಾತು ಅದು. ಹಲಗೆಯೂ ಅವನೂ ಒಟ್ಟಿಗೆ ಹೋದರು. ಮಧ್ಯಾಹ್ನ ಕೆಳಗಿನ ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡಿದ್ದ ಹಲಗೆ ಸಿಕ್ಕಿತು, ಸಂಜೆ ಅವನು. ಹಲಗೆಯನ್ನು ಪಂಚಾಯತ್ ಅದೇ ದಿನ ಶೆಡ್ಡಿಗೆ ಸೇರಿಸಿತು.

ಮಣ್ಣು ಮಾಡುವ ಹೊತ್ತಿಗೆ, ಮಯ್ಯತ್ತಿಗೆ ಅಧ್ಯಕ್ಷರು ಬಂದರು, ಅತ್ತರು. ನಿಜವಾಗಿಯೇ ಅತ್ತಿರಬಹುದು. ನನಗೆ ಆ ಅಳು ಬೇಡ. ಸಂತಾಪ ಸಭೆಯಲ್ಲಿ ಹೊಳೆಬದಿಗೆ ನೂರು ಗಿಡ ನೆಟ್ಟು ಹೈದರನ ಹೆಸರಿಡುವುದೆಂದು ನಿರ್ಣಯವಾಯಿತು. ಅವನು ಹಲಗೆ ತೆಗೆಯಲು ಕೇಳಿದ ನಾಲ್ಕು ದಿನಗಳನ್ನೂ ಅದರಲ್ಲಿ ಬರೆಯಿರಿ ಎಂದೆ. "ಸಂತಾಪದಲ್ಲಿ ಅದೆಲ್ಲ ಯಾಕೆ ಮಾರಾಯ್ರೆ" ಎಂದರು. ತಂಡ ಬಂದದ್ದು ಜೂನ್‌ನಲ್ಲಿ. ತುಂಬಿದ ಹೊಳೆಯ ಜನವರಿಯ ಫೋಟೋ ನೋಡಿಯೇ ಒಪ್ಪಿಕೊಂಡಿತು. ಆ ಫೋಟೋ ಮೇ ತಿಂಗಳಲ್ಲಿಯೂ ಪಂಚಾಯತ್ ಕಚೇರಿಯಲ್ಲಿತ್ತು. ಪ್ರಶಸ್ತಿ ಬಂತು.

ಡಿಸೆಂಬರಿನಲ್ಲಿ ಹರಿಪ್ರಸಾದ್ ಹೈದರನ ಹೆಂಡತಿ ರಮ್ಲತ್ ಹತ್ತಿರ ಕೊಕ್ಕೆ ಕೇಳಲು ಹೋದರು. ಹೊಸಬರೊಬ್ಬರು ಹಲಗೆ ಇಳಿಸಲು ಒಪ್ಪಿದ್ದರು. ಹೈದರ್ ತಾನೇ ಹೇಳಿ ಕಮ್ಮಾರನಿಂದ ಬಡಿಸಿಕೊಂಡ ಆ ಕೊಕ್ಕೆ ಇಲ್ಲದೆ ಆ ಕಿಂಡಿಗಳಲ್ಲಿ ಕೆಲಸ ಸಾಗುವುದಿಲ್ಲ. ಆಗ ನಾನು ರಮ್ಲತಳ ಜಗಲಿಯಲ್ಲಿದ್ದೆ.

"ಕೊಡ್ತೇನೆ. ಮೇ ಒಂದಕ್ಕೆ ಹಲಗೆ ತೆಗಿತೇವೆ, ಯಾರು ಬಂದ್ರೂ ಬಾರದಿದ್ರೂ, ಅಂತ ಬರೆದು ಸೀಲು ಹಾಕಿ ಕೊಡಿ."

"ಬಾಯಿ ಮಾತು ಸಾಲುದಿಲ್ವಾ ರಮ್ಲತಮ್ಮ?"

"ಅವರು ಬಾಯಿಯಲ್ಲೇ ಕೇಳಿದ್ದು ಅಧ್ಯಕ್ಷರೇ, ನಾಲ್ಕು ಸಲ."

ಅವರು ಬರೆದುಕೊಡಲಿಲ್ಲ. ಕೊಕ್ಕೆ ಅವಳ ಅಡುಗೆಮನೆಯ ಬಾಗಿಲ ಹಿಂದೆ ನೇತಾಡುತ್ತಿದೆ. ಈ ವರ್ಷ ಕಿಂಡಿಗಳು ತೆರೆದೇ ಇವೆ, ಹೊಳೆ ನಿಲ್ಲದೆ ಹೋಗುತ್ತಿದೆ. ಜನವರಿಗೇ ನನ್ನ ಪಂಪಿನಲ್ಲಿ ಗಾಳಿ ಬರುತ್ತಿದೆ. ಅವಳನ್ನು ಸ್ವಲ್ಪ ಒಪ್ಪಿಸಿ ಎಂದು ಅಧ್ಯಕ್ಷರು ನನಗೆ ಎರಡು ಸಲ ಹೇಳಿ ಕಳಿಸಿದರು. ನಾನು ಹೋಗಲಿಲ್ಲ.