ಜಿಗೀತ ಬಂದ ಏಳರ ಮಗ್ಗಿ

ದೋಸ್ತರ, ಇವತ್ತ ಮುಂಜಾನೆ ಕೆಳಗಿನ ಮನಿ ಆಜಿ ಸಿಟ್ಟಿಲೆ ಮ್ಯಾಲ ಬಂದ್ರು. "ಅಹೋ, ನಿಮ್ಮ ಹುಡುಗಿ ಜಿಗದ್ರ ನಮ್ಮ ಅಡಗಿಮನಿ ಭಾಂಡೆ ಅಳ್ಳಾಡ್ತಾವ!" ಅಂತ ಮರಾಠಿಯೊಳಗ ಬೈದ್ರು.

ನನ್ನ ಮಗಳು ಗೌರಿಯ ಕೈಕಾಲು ಹೇಳಿದ ಮಾತು ಕೇಳೂದಿಲ್ಲ. ನಡದ್ರ ಎಡವ್ತಾಳ, ಓದಿದ್ದು ಮರೀತಾಳ. ಜಿಗಿಸ್ಕೋತ ಮಗ್ಗಿ ಹೇಳಸ್ರಿ, ಮೈಗೂ ನೆನಪಿಗೂ ಛಲೋ ಅಂತ ಬಿಬವೇವಾಡಿ ಬಡಾವಣೆಯ ಥೆರಪಿ ಮೇಡಂ ಹೇಳ್ಯಾರ. ಅದನ್ನ ನಾ ಆಜಿಗೆ ತಿಳಿಸಿ ಹೇಳೂದ್ರಾಗ ಗೌರಿ ಮತ್ತ ಜಿಗಿಲಿಕ್ಕೆ ಶುರು ಮಾಡಿದ್ಲು. ಬೀಳಲಿಲ್ಲ, ತಪ್ಪಲಿಲ್ಲ, ಏಳರ ಮಗ್ಗಿ ಪೂರಾ ಹೇಳಿದ್ಲು. ಮೊದಲನೇ ಸಲ!

ಆಜಿ ಅಕಿ ಬೆನ್ನ ಚಪ್ಪರಿಸಿ, "ಶಾಬ್ಬಾಸ್ ಬಾಳಾ, ಶಾಣ್ಯಾ ಕೂಸ!" ಅಂದ್ರು. ಆಮ್ಯಾಲ ನನ್ನ ಕಡೆ ತಿರುಗಿ, "ಇನ್ನ ಮುಗೀತಲ್ಲ?" ಅಂತ ಕೇಳಿದ್ರು.

"ಏಳರದ್ದು ಮುಗೀತ್ರಿ," ಅಂದೆ. ನಾಳೆ ಎಂಟರದು ಶುರು ಅನ್ನೋ ಧೈರ್ಯ ಬರಲಿಲ್ಲ.