ಅಪ್ಪನ ಮೊದಲ ಪ್ರಸಂಗ

ಇವತ್ತು ಚರ್ಚಿಗೆ ಹೊರಡುವ ಮುಂಚೆ ಅಪ್ಪನ ಗಂಜಿ ಹಾಕಿದ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿದೆ. ಆ ಬಿಸಿ ವಾಸನೆ ನನ್ನನ್ನು ಹರಿಹರದ ನಮ್ಮ ಬಾಡಿಗೆ ಮನೆಗೆ ಕರಕೊಂಡು ಹೋಯಿತು.

ಆಗ ನಾನು ಮೂರನೇ ಕ್ಲಾಸು. ಅಪ್ಪ ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ನಮ್ಮ ಚರ್ಚಿನ ಪಾದ್ರಿ ಅಯ್ಯನವರಿಗೆ ಜ್ವರ ಬಂದು, ಆ ಭಾನುವಾರ ಸಭೆಗೆ ಉಪದೇಶ ಹೇಳುವ ಪ್ರಸಂಗವನ್ನು ಅಪ್ಪನಿಗೆ ಒಪ್ಪಿಸಿದ್ದರು. ವಿಷಯ ತಾಳ್ಮೆ. ಅಪ್ಪ ವಾರವಿಡೀ ಕೂತು ನಾಲ್ಕು ಹಾಳೆ ಬರೆದರು. ನಡುವೆ ಮಾತಾಡಿದವರಿಗೆಲ್ಲ ಗದರಿದರು.

ಭಾನುವಾರ ಎಲ್ಲರೆದುರು ನಿಂತು ನಾಲ್ಕೂ ಹಾಳೆ ತಿರುವಿ ಹಾಕಿದರು, ಮತ್ತೆ ಮೊದಲ ಹಾಳೆಗೇ ಬಂದರು. ನಾನು ಅಮ್ಮನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡೆ. ಕೊನೆಗೆ ಅಪ್ಪ ಹಾಳೆ ಮಡಚಿ ಜೇಬಿಗಿಟ್ಟರು.

"ತಾಳ್ಮೆ ಕೊಡು ಸ್ವಾಮಿ ಅಂತ ದಿನಾ ಬೆಳಗ್ಗೆ ಪ್ರಾರ್ಥನೆ ಮಾಡ್ತೀನ್ರಿ. ಆಮೆನ್ ಅಂದು ಎದ್ದೋನೇ, ಬುತ್ತಿ ರೆಡಿ ಇಲ್ಲ ಅಂತ ಹೆಂಡ್ತಿಗೆ ಬೈತೀನಿ. ಆದ್ರೂ ದೇವರು ನನ್ನ ಕೈ ಬಿಟ್ಟಿಲ್ಲ. ನಾಳೆ ಮತ್ತೆ ಮೊಣಕಾಲೂರ್ತೀನಿ. ನನಗೆ ಗೊತ್ತಿರೋ ವಿಶ್ವಾಸ ಇಷ್ಟೇ ಐತೆ."

ಮುಂದಿನ ಸಾಲಿನಲ್ಲಿದ್ದ ಮರಿಯಮ್ಮಜ್ಜಿ, "ನಮ್ಮನೇಲೂ ಹಂಗೇ ಐತಪ್ಪ!" ಅಂದುಬಿಟ್ಟರು. ಇಡೀ ಚರ್ಚು ನಕ್ಕಿತು. ಅಮ್ಮ ನಗುತ್ತಲೇ ಕಣ್ಣೊರೆಸಿಕೊಂಡಳು.

ಸೋಮವಾರ ಅಪ್ಪ ಪ್ರಾರ್ಥನೆ ಮುಗಿಸಿ ಎದ್ದಾಗ ಬುತ್ತಿ ರೆಡಿ ಇರಲಿಲ್ಲ. ಬೈಯಲು ಬಾಯಿ ತೆರೆದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. ಅಪ್ಪ ಜೋರಾಗಿ ನಕ್ಕು, ಅಡುಗೆಮನೆಗೆ ಹೋಗಿ ರೊಟ್ಟಿ ಬೇಯಿಸಲು ಕೂತರು.

ಈಗ ಅಪ್ಪನಿಗೆ ಎಂಬತ್ತು. ರೊಟ್ಟಿ ಚೆನ್ನಾಗಿ ಬೇಯಿಸುತ್ತಾರೆ. ಸಿಟ್ಟು ಇನ್ನೂ ಆಗೀಗ ಬರುತ್ತದೆ. ಬಂದಾಗ ತಾವೇ ನಕ್ಕು, "ನಾಳೆ ಮತ್ತೆ ತಾಳ್ಮೆ ಕೇಳ್ತೀನಿ ಬಿಡವ್ವ" ಅಂತಾರೆ.